ವಿದೇಶಿ ಗ್ರಾಹಕರು ಸುಮ್ಮನಾದರೆ ಬೆಲೆ ಇಳಿಸಬೇಕಾ?

ಎಕ್ಸ್‌ಪೋರ್ಟ್_ಡೆಸ್ಕ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಪಂಪಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಕ್ಸ್‌ಪೋರ್ಟ್ ನೋಡಿಕೊಳ್ಳುತ್ತೇನೆ. ಈಗ ಎರಡು ದೇಶದವರ ಜೊತೆ ಕೆಲಸ ನಡೆಯುತ್ತಿದೆ. ಎರಡು ಕಡೆಯೂ ತಲೆಬಿಸಿ, ಆದರೆ ಬೇರೆ ಬೇರೆ ಥರದ್ದು.

ಮೊದಲನೆಯದು ಜಪಾನಿನ ಕಂಪನಿ. ಕೊಟೇಶನ್ ಕೊಟ್ಟಾಯಿತು, ಸ್ಯಾಂಪಲ್ ಕಳಿಸಿದ್ದಾಯಿತು, ವಿಡಿಯೋ ಮೀಟಿಂಗ್‌ಗಳೂ ಆದವು. ಕೊನೆಯ ಮೀಟಿಂಗ್‌ನಲ್ಲಿ ನಾವು ಬೆಲೆಯ ಸ್ಲೈಡ್ ತೋರಿಸಿದಾಗ ಅವರ ಕಡೆಯವರೆಲ್ಲ ಸುಮ್ಮನೆ ಅದನ್ನೇ ನೋಡುತ್ತಾ ಕೂತರು. ಜಾಸ್ತಿ ಆಯಿತು ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಪರಿಶೀಲಿಸಿ ತಿಳಿಸುತ್ತೇವೆ ಎಂದರು, ಅಷ್ಟೇ. ಆಮೇಲೆ ಬೆಲೆಯ ಸುದ್ದಿಯೇ ಇಲ್ಲ. ಪ್ರಶ್ನೆಗಳು ಮಾತ್ರ ಬರುತ್ತಲೇ ಇವೆ. ಶಾಫ್ಟಿನ ಹಾರ್ಡ್‌ನೆಸ್ (ಗಡಸುತನ) ಯಾವ ಜಾಗದಲ್ಲಿ ಅಳೆಯುತ್ತೀರಿ ಅಂತ ಪರ್ಚೇಸ್‌ನವರು ಕೇಳಿದರು, ಉತ್ತರ ಕೊಟ್ಟೆವು. ಸ್ವಲ್ಪ ದಿನ ಬಿಟ್ಟು ಅದೇ ಪ್ರಶ್ನೆ ಕ್ವಾಲಿಟಿಯವರಿಂದ ಬಂತು. ಈ ವಾರ ಪ್ರೊಡಕ್ಷನ್‌ನವರಿಂದಲೂ ಅದೇ. ನಮ್ಮ ಎಂಡಿಯವರ ತಾಳ್ಮೆ ಮುಗಿಯುತ್ತಾ ಬಂದಿದೆ. "ಬೆಲೆ ಹಿಡಿಸಿಲ್ಲ, ಬಾಯಿಬಿಟ್ಟು ಹೇಳೋಕೆ ಅವರಿಗೆ ಸಂಕೋಚ, ಶೇ. 4 ಇಳಿಸಿ ಮೇಲ್ ಹಾಕಿ, ಶುಕ್ರವಾರದೊಳಗೆ ಉತ್ತರ ಕೇಳಿ" ಎನ್ನುತ್ತಿದ್ದಾರೆ.

ಎರಡನೆಯದು ಜರ್ಮನಿಯ ಕಂಪನಿ. ಅವರ ಜೊತೆ ಸೇರಿ ಒಂದು ಹೊಸ ಮಾಡೆಲ್ ಡಿಸೈನ್ ಮಾಡುತ್ತಿದ್ದೇವೆ. ರಿವ್ಯೂ ಮೀಟಿಂಗ್‌ನಲ್ಲಿ ಎಲ್ಲರ ಮುಂದೆಯೇ ಅವರ ಎಂಜಿನಿಯರ್ "ಈ ಡ್ರಾಯಿಂಗ್ ತಪ್ಪು, ಇದರಲ್ಲಿ ಸೀಲ್ ನಿಲ್ಲುವುದಿಲ್ಲ" ಎಂದುಬಿಟ್ಟರು (ಸೀಲ್ ಅಂದರೆ ಸೋರದಂತೆ ತಡೆಯುವ ಬಳೆ). ನಮ್ಮ ಹಿರಿಯ ಡಿಸೈನರ್‌ಗೆ ತುಂಬಾ ನೋವಾಗಿದೆ. ಅವತ್ತಿನಿಂದ ಮೀಟಿಂಗ್‌ಗೆ ಬರುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಬರೀ ಶಿಷ್ಟಾಚಾರದ ಪಟ್ಟಿಗಳೇ ಸಿಗುತ್ತವೆ. ವಿಸಿಟಿಂಗ್ ಕಾರ್ಡ್ ಎರಡು ಕೈಯಲ್ಲಿ ಕೊಡಿ, ಇಷ್ಟು ಬಗ್ಗಿ, ಸಮಯಕ್ಕೆ ಸರಿಯಾಗಿ ಹೋಗಿ, ಹೀಗೆ. ಅದೆಲ್ಲ ಮಾಡುತ್ತಿದ್ದೇವೆ, ಆದರೂ ಕೆಲಸ ಮುಂದಕ್ಕೆ ಹೋಗುತ್ತಿಲ್ಲ. ನಾನು ನಿಜವಾಗಿ ಗಮನಿಸಬೇಕಾದದ್ದು ಏನು? ಅನುಭವ ಇರುವವರು ದಯವಿಟ್ಟು ಹೇಳಿ.

ನೇರಮಾತು:

ಬೆಲೆ ಇಳಿಸಿ ನೋಡಿ, ಯಾವ ದೇಶದವರಾದರೂ ಮಾತಾಡುತ್ತಾರೆ. ವ್ಯಾಪಾರ ಎಲ್ಲಾ ಕಡೆ ಒಂದೇ. ಸಂಸ್ಕೃತಿ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಖರೀದಿ_ವಿಭಾಗ:

ದಯವಿಟ್ಟು ಇಳಿಸಬೇಡಿ. ಈಗಂತೂ ಬೇಡವೇ ಬೇಡ.

ನಾನು ಜಪಾನಿನ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಬಹಳ ಕಾಲ ಇದ್ದವನು, ಅಂದರೆ ನಿಮ್ಮ ಮೇಜಿನ ಆ ಕಡೆ ಕೂತವನು. ನೀವು ಬರೆದದ್ದು ಓದಿದರೆ ನನಗೆ ಕಾಣುವುದು ನಿಂತುಹೋದ ಕೆಲಸ ಅಲ್ಲ, ನಡೆಯುತ್ತಿರುವ ಕೆಲಸ. ಹಾರ್ಡ್‌ನೆಸ್ ಬಗ್ಗೆ ಒಂದೇ ಪ್ರಶ್ನೆ ಮೂರು ವಿಭಾಗದಿಂದ ಬಂತು ಎಂದಿರಲ್ಲ, ಅದೇ ಗುಟ್ಟು. ಅಲ್ಲಿನ ಅನೇಕ ಕಂಪನಿಗಳಲ್ಲಿ, ಮುಖ್ಯವಾಗಿ ಹಳೆಯ ದೊಡ್ಡ ಕಂಪನಿಗಳಲ್ಲಿ, ಹೊಸ ಸಪ್ಲೈಯರ್‌ನನ್ನು ಒಪ್ಪಿಕೊಳ್ಳುವುದು ಒಬ್ಬ ಮ್ಯಾನೇಜರ್ ಕೈಯಲ್ಲಿ ಇರುವುದಿಲ್ಲ. ಕೆಳಗಿನವರು ಒಂದು ಪ್ರಸ್ತಾವ ಬರೆಯುತ್ತಾರೆ. ಅದು ವಿಭಾಗದಿಂದ ವಿಭಾಗಕ್ಕೆ ಸುತ್ತುತ್ತದೆ, ಒಬ್ಬೊಬ್ಬರೇ ಮುದ್ರೆ ಒತ್ತುತ್ತಾರೆ, ಈಗೀಗ ಕಂಪ್ಯೂಟರ್‌ನಲ್ಲೇ ಒಪ್ಪಿಗೆ ಹಾಕುತ್ತಾರೆ. ಆ ಕಾಗದ ಹೊರಡುವ ಮೊದಲೇ, ಬರೆದವನು ಪ್ರತಿಯೊಬ್ಬರ ಹತ್ತಿರ ಖಾಸಗಿಯಾಗಿ ಹೋಗಿ ನಿಮ್ಮದೇನಾದರೂ ತಕರಾರು ಇದೆಯಾ ಅಂತ ಕೇಳಿಕೊಂಡು ಬಂದಿರುತ್ತಾನೆ. ಹಾಗಾಗಿ ಕ್ವಾಲಿಟಿಯವರು ಕೇಳಿದ್ದು ಪರ್ಚೇಸ್‌ನವರಿಗೆ ಉತ್ತರ ಸಿಕ್ಕಿಲ್ಲ ಅಂತಲ್ಲ. ಆ ಕಾಗದದ ಮೇಲೆ ಅವರ ಹೆಸರೂ ಇರುತ್ತದೆ, ನಾಳೆ ಶಾಫ್ಟ್ ಮುರಿದರೆ ಅವರನ್ನೂ ಕೇಳುತ್ತಾರೆ. ಅದಕ್ಕೇ ಉತ್ತರ ಅವರ ಕೈಗೇ ಬರಬೇಕು. ಬೇಡ ಅನ್ನುವ ಸಪ್ಲೈಯರ್‌ಗೆ ಇಷ್ಟು ಪ್ರಶ್ನೆ ಕೇಳುತ್ತಾ ಯಾರು ಕೂರುತ್ತಾರೆ?

ಮೀಟಿಂಗ್‌ನಲ್ಲಿ ಬೆಲೆ ನೋಡಿ ಸುಮ್ಮನಿದ್ದದ್ದೂ ಇದಕ್ಕೇ. ಅಲ್ಲಿ ಕೂತ ಯಾರಿಗೂ ಆ ಕ್ಷಣಕ್ಕೆ ಹೌದು ಎನ್ನುವ ಅಧಿಕಾರ ಇಲ್ಲ. ಬೇಡ ಎನ್ನುವ ಅಧಿಕಾರವೂ ಇಲ್ಲ. ಈ ಹೊತ್ತಿಗೆ ನೀವಾಗಿಯೇ ಶೇ. 4 ಇಳಿಸಿದರೆ ಏನಾಗುತ್ತದೆ ನೋಡಿ. ಸುತ್ತುತ್ತಿರುವ ಕಾಗದದಲ್ಲಿ ಹಳೆಯ ಬೆಲೆ ಇದೆ, ಅದನ್ನು ವಾಪಸ್ ತರಿಸಿ ತಿದ್ದಬೇಕು. ತಿದ್ದುವಾಗ ಮೇಲಿನವರು ಕೇಳುತ್ತಾರೆ, ಯಾರೂ ಕೇಳದೆ ಬೆಲೆ ಇಳಿಯಿತಲ್ಲ, ಮೊದಲು ಕೊಟ್ಟ ಲೆಕ್ಕ ಹಾಗಾದರೆ ಏನು ಅಂತ. ನಿಮ್ಮ ಪರವಾಗಿ ಒಳಗೆ ಓಡಾಡುತ್ತಿರುವ ಆ ಮನುಷ್ಯನಿಗೆ ಉತ್ತರ ಇರುವುದಿಲ್ಲ. ಇನ್ನೊಂದು, ಆರ್ಡರ್ ಬಂದ ಮೇಲೆ ವರ್ಷಾ ವರ್ಷ ಬೆಲೆ ಸ್ವಲ್ಪ ಇಳಿಸಿ ಎಂದು ಕೇಳುವ ಪದ್ಧತಿ ಅಲ್ಲಿನ ಉದ್ಯಮದಲ್ಲಿದೆ, ವಾಹನ ಉದ್ಯಮದಲ್ಲಂತೂ ತೀರಾ ಮಾಮೂಲು. ಕೊಡುವ ಜಾಗ ಆಗ ಬೇಕಾಗುತ್ತದೆ, ಈಗಲೇ ಖಾಲಿ ಮಾಡಬೇಡಿ.

ಈಗ ಮಾಡಬೇಕಾದದ್ದು: ಆ ಮನುಷ್ಯನ ಕೈಗೆ ಸಾಮಗ್ರಿ ಕೊಡಿ. ಹಾರ್ಡ್‌ನೆಸ್ ಅಳೆಯುವ ಜಾಗವನ್ನು ಡ್ರಾಯಿಂಗ್ ಮೇಲೆ ಗುರುತು ಮಾಡಿ, ಉಪಕರಣದ ಫೋಟೋ, ಅದು ಸರಿಯಾಗಿ ಅಳೆಯುತ್ತದೆ ಎನ್ನುವ ಕ್ಯಾಲಿಬ್ರೇಶನ್ ಸರ್ಟಿಫಿಕೇಟು, ಹಿಂದಿನ ಕೆಲವು ಬ್ಯಾಚ್‌ಗಳ ರೀಡಿಂಗು, ಎಲ್ಲಾ ಸೇರಿಸಿ ಒಂದೇ ಫೈಲ್ ಮಾಡಿ. ಮೂರು ವಿಭಾಗಕ್ಕೂ ಅದೇ ಫೈಲ್ ಕಳಿಸಿ. ಒಬ್ಬರಿಗೆ ಒಂದು ಥರ, ಇನ್ನೊಬ್ಬರಿಗೆ ಇನ್ನೊಂದು ಥರ ಉತ್ತರ ಹೋಗಬಾರದು. ಅವರು ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಮೀಟಿಂಗ್ ಇದ್ದರೆ ಸ್ಲೈಡ್‌ಗಳನ್ನು ಎರಡು ದಿನ ಮೊದಲೇ ಕಳಿಸಿ, ಅವರು ಒಳಗೆ ಮಾತಾಡಿಕೊಂಡು ಬರಲಿ. ಮೀಟಿಂಗ್‌ನಲ್ಲೇ ಮೊದಲ ಸಲ ಬೆಲೆ ತೋರಿಸಿದರೆ ಯಾರೂ ಮಾತಾಡದಿರುವುದು ಸಹಜ.

ಹಾಂ, ಏಪ್ರಿಲ್ ಹತ್ತಿರ ಇದ್ದರೆ ಇನ್ನೊಂದು ಗಮನಿಸಿ. ಅಲ್ಲಿ ಅನೇಕ ಕಂಪನಿಗಳ ಲೆಕ್ಕದ ವರ್ಷ ಏಪ್ರಿಲ್‌ಗೆ ಶುರು, ಆಗಲೇ ವರ್ಗಾವಣೆಗಳೂ ಆಗುತ್ತವೆ. ನಿಮ್ಮ ಪರ ಇದ್ದವರು ಬೇರೆ ವಿಭಾಗಕ್ಕೆ ಹೋಗಿಬಿಟ್ಟರೆ ಹೊಸಬರಿಗೆ ಮತ್ತೆ ಮೊದಲಿಂದ ಹೇಳಬೇಕು. ಮೇಲಿನ ಫೈಲ್ ಆಗಲೂ ಕೆಲಸಕ್ಕೆ ಬರುತ್ತದೆ.

ಸೀಲ್_ಅಂಡ್_ಗ್ಯಾಸ್ಕೆಟ್:

ಜಪಾನಿನ ವಿಷಯ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನನಗೆ ನಿಮ್ಮ ಡಿಸೈನರ್ ಬಗ್ಗೆ ಹೆಚ್ಚು ಚಿಂತೆ.

ಅವರು ಸುಮ್ಮನಿದ್ದಾರೆ ಎಂದಿರಿ. ಜರ್ಮನಿಯ ಎಂಜಿನಿಯರ್‌ಗಳ ತಂಡದಲ್ಲಿ ಆ ಮೌನಕ್ಕೆ ಸಾಮಾನ್ಯವಾಗಿ ಒಂದೇ ಅರ್ಥ, ತಕರಾರು ಇಲ್ಲ, ಒಪ್ಪಿಗೆ ಇದೆ ಅಂತ. ಇಲ್ಲಿ ಒಬ್ಬರು ಬೇಜಾರಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ, ಅಲ್ಲಿ ಮಿನಿಟ್ಸ್‌ನಲ್ಲಿ (ಮೀಟಿಂಗ್‌ನ ಟಿಪ್ಪಣಿಯಲ್ಲಿ) ಎಲ್ಲರೂ ಒಪ್ಪಿದರು ಅಂತ ಬರೆದುಕೊಳ್ಳುತ್ತಾರೆ. ಮುಂದೆ ಟೂಲಿಂಗ್‌ಗೆ, ಅಂದರೆ ಅಚ್ಚು, ಉಪಕರಣ ಮಾಡಿಸುವ ಹಂತಕ್ಕೆ, ಹೋಗಿ ನಿಮ್ಮ ಕಡೆಯಿಂದ "ನಮಗೆ ಇದು ಮೊದಲೇ ಸರಿ ಅನಿಸಿರಲಿಲ್ಲ" ಎಂದರೆ ಅವರಿಗೆ ನಿಜವಾಗಿಯೂ ಸಿಟ್ಟು ಬರುತ್ತದೆ, ಅದೂ ನ್ಯಾಯವಾದ ಸಿಟ್ಟು. ಈ ಮೌನ ಒಂದೊಂದು ಮೀಟಿಂಗ್ ಮುಂದುವರಿದಷ್ಟೂ ನಿಮಗೆ ದುಬಾರಿ.

ಡಿಸೈನರ್ ಜೊತೆ ಒಬ್ಬರೇ ಕೂತು ಮಾತಾಡಿ. ಆ ಎಂಜಿನಿಯರ್ ಹೇಳಿದ್ದು ಡ್ರಾಯಿಂಗ್ ಬಗ್ಗೆ, ನಿಮ್ಮ ಬಗ್ಗೆ ಅಲ್ಲ ಅಂತ ಸಮಾಧಾನ ಹೇಳಿದರೆ ಸಾಲದು, ಎಲ್ಲರೂ ಅದನ್ನೇ ಹೇಳುತ್ತಾರೆ, ನೊಂದವರಿಗೆ ಅದು ತಾಗುವುದಿಲ್ಲ. ಅದರ ಬದಲು ಸೀಲ್ ನಿಲ್ಲುವುದಿಲ್ಲ ಎಂದ ಆ ಮಾತನ್ನೇ ಕೈಗೆತ್ತಿಕೊಳ್ಳಿ. ಎಷ್ಟು ಒತ್ತಡಕ್ಕೆ ನಿಲ್ಲುವುದಿಲ್ಲ? ಯಾವ ತಾಪಮಾನದಲ್ಲಿ? ಗ್ರೂವ್‌ನ (ಸೀಲ್ ಕೂರುವ ತೋಡಿನ) ಅಳತೆಗೆ ಸೀಲ್ ಎಷ್ಟು ಒತ್ತಿಕೊಳ್ಳುತ್ತದೆ ಅಂತ ನಮ್ಮ ಲೆಕ್ಕ ಏನಿತ್ತು? ನಿಮ್ಮ ಡಿಸೈನರ್ ಹತ್ತಿರ ಲೆಕ್ಕ ಇದ್ದೇ ಇರುತ್ತದೆ, ಹಿರಿಯರು ಎಂದಿರಿ. ಅದನ್ನು ಮುಂದಿನ ಮೀಟಿಂಗ್‌ನಲ್ಲಿ ಅವರ ಮುಂದೆ ಇಡಲಿ. ಆ ತಂಡಗಳಲ್ಲಿ ತಿರುಗಿ ವಾದ ಮಾಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಅದನ್ನೇ ಅವರು ಕಾಯುತ್ತಿರುತ್ತಾರೆ. ಲೆಕ್ಕ ಸರಿ ಇದ್ದರೆ ಅದೇ ಎಂಜಿನಿಯರ್ ಎಲ್ಲರ ಮುಂದೆಯೇ "ನೀವು ಹೇಳಿದ್ದು ಸರಿ" ಎನ್ನುವುದನ್ನೂ ನಾನು ನೋಡಿದ್ದೇನೆ, ಅಷ್ಟೇ ಗಟ್ಟಿಯಾಗಿ.

ಆ ಕಡೆಯ ಪ್ರಾಜೆಕ್ಟ್ ಲೀಡ್ ಜೊತೆಯೂ ಮಾತಾಡಿ. ಇದನ್ನು ಬಿಡಬೇಡಿ, ಹೊಂದಿಕೊಳ್ಳುವ ಕೆಲಸ ಎರಡೂ ಕಡೆಯದು. ದೂರು ಹೇಳಬೇಡಿ, ಕೆಲಸದ ಕ್ರಮ ಬದಲಿಸೋಣ ಅಂತ ಹೇಳಿ. ಡ್ರಾಯಿಂಗ್ ಮೇಲಿನ ಆಕ್ಷೇಪಗಳೆಲ್ಲ ಮೀಟಿಂಗ್‌ಗೆ ಮೊದಲೇ ಒಂದು ಶೀಟ್‌ನಲ್ಲಿ ಬರಲಿ, ಪ್ರತಿಯೊಂದರ ಮುಂದೆ ಕಾರಣ ಇರಲಿ, ಮೀಟಿಂಗ್‌ನಲ್ಲಿ ಉತ್ತರ ಮಾತ್ರ ಚರ್ಚೆ ಆಗಲಿ. ಮುಗಿಯುವ ಮೊದಲು ಪ್ರತಿ ವಿಷಯಕ್ಕೂ ನಿಮ್ಮ ಡಿಸೈನರ್ ಹೆಸರು ಹಿಡಿದು ಅಭಿಪ್ರಾಯ ಕೇಳಲಿ. ಜರ್ಮನಿಯವರಿಗೆ ಇಂಥ ಕ್ರಮ ಕೊಟ್ಟರೆ ಖುಷಿಯಿಂದ ಒಪ್ಪುತ್ತಾರೆ.

ಅಂಕಿಅಂಶ_ಓದುಗ:

ಒಳ್ಳೆಯ ಚರ್ಚೆ. ನನ್ನದೊಂದು ಎಚ್ಚರಿಕೆಯ ಮಾತು. "ಜಪಾನಿನವರು ಹೀಗೆ, ಜರ್ಮನಿಯವರು ಹಾಗೆ" ಅಂತ ತುಂಬಾ ಬೇಗ ಹೇಳಿಬಿಡುತ್ತೇವೆ.

ಈ ವಿಷಯದಲ್ಲಿ ಎಲ್ಲರೂ ಎತ್ತುವ ಹೆಸರು ಹಾಲೆಂಡಿನ ಗೀರ್ಟ್ ಹಾಫ್‌ಸ್ಟೆಡ್. 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ಬೇರೆ ಬೇರೆ ದೇಶದ ಉದ್ಯೋಗಿಗಳಿಂದ ತುಂಬಿಸಿಕೊಂಡ ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳ ಮೇಲೆ ಅವರು ದೇಶಗಳಿಗೆ ಅಂಕ ಕೊಟ್ಟರು, 1980ರಲ್ಲಿ ಅದು ಪ್ರಕಟವಾಯಿತು. ಅನಿಶ್ಚಿತತೆಯನ್ನು ಎಷ್ಟು ದೂರ ಇಡಲು ನೋಡುತ್ತಾರೆ ಎನ್ನುವ ಅಳತೆಯಲ್ಲಿ ಜಪಾನಿಗೆ 92, ಜರ್ಮನಿಗೆ 65. ಹಾರ್ಡ್‌ನೆಸ್ ಪ್ರಶ್ನೆ ಮೂರು ಸಲ ಬಂದದ್ದಕ್ಕೆ ಇದನ್ನು ಹೊಂದಿಸಬಹುದು, ಸರಿಯೇ. ಆದರೆ ಇವು ದೇಶದ ಸರಾಸರಿ. ನಿಮ್ಮ ಎದುರು ಕೂತ ವ್ಯಕ್ತಿಗೆ ಈ ಅಂಕ ಹಚ್ಚಬೇಡಿ ಅಂತ ಹಾಫ್‌ಸ್ಟೆಡ್ ಅವರೇ ಹೇಳಿದ್ದರು. ಒಂದೇ ಕಂಪನಿಯ ಉದ್ಯೋಗಿಗಳಿಂದ ಇಡೀ ದೇಶದ ಸ್ವಭಾವ ಹೇಳಬಹುದೇ ಎಂದು ಆಮೇಲೆ ಟೀಕೆಗಳೂ ಬಂದವು.

ಮೌನದ ವಿಷಯಕ್ಕೇ ಬನ್ನಿ. 2009ರಲ್ಲಿ ಹತ್ತು ಭಾಷೆಗಳ ದಿನನಿತ್ಯದ ಮಾತುಕತೆಯನ್ನು ಅಳೆದ ಒಂದು ಅಧ್ಯಯನ ಪ್ರಕಟವಾಯಿತು. ಹೌದು ಅಥವಾ ಇಲ್ಲ ಎನ್ನಬೇಕಾದ ಪ್ರಶ್ನೆ ಕೇಳಿದ ಮೇಲೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡಿದರು. ಹತ್ತರಲ್ಲಿ ಎಲ್ಲಕ್ಕಿಂತ ಬೇಗ ಉತ್ತರ ಬಂದದ್ದು ಜಪಾನೀ ಭಾಷೆಯಲ್ಲಿ! ಎಲ್ಲಕ್ಕಿಂತ ತಡ ಡೇನಿಷ್‌ನಲ್ಲಿ, ಅದೂ ಸರಾಸರಿ ಅರ್ಧ ಸೆಕೆಂಡಿನೊಳಗೆ. ಅಂದರೆ ಆ ಜನ ಹುಟ್ಟಾ ಮೌನಿಗಳೇನಲ್ಲ. ಮಾತಾಡುವ ಅಧಿಕಾರ ಯಾರಿಗೂ ಇಲ್ಲದ ಮೀಟಿಂಗ್‌ನಲ್ಲಿ ಅವರು ಸುಮ್ಮನಿದ್ದಾರೆ. ಖರೀದಿ_ವಿಭಾಗದವರು ಹೇಳಿದ್ದನ್ನೇ ಇದು ಗಟ್ಟಿ ಮಾಡುತ್ತದೆ ಅಲ್ವಾ? ಸ್ವಭಾವ ಏನು ಅಂತ ಹುಡುಕುವುದಕ್ಕಿಂತ ನಿರ್ಧಾರ ಯಾರದು, ಎಲ್ಲಿ ಆಗುತ್ತದೆ ಅಂತ ಹುಡುಕಿ.

ದೊಡ್ಡ ಕಂಪನಿಗಳೂ ಇಲ್ಲೇ ಎಡವಿವೆ. 1998ರಲ್ಲಿ ಜರ್ಮನಿಯ ಕಾರು ಕಂಪನಿ ಡೈಮ್ಲರ್-ಬೆನ್ಸ್ ಮತ್ತು ಅಮೆರಿಕದ ಕ್ರೈಸ್ಲರ್ ಒಂದಾದಾಗ ಸರಿಸಮಾನರ ಸೇರ್ಪಡೆ ಎಂದು ಸಾರಿದರು. 2000ದಲ್ಲಿ ಮುಖ್ಯಸ್ಥ ಯೂರ್ಗನ್ ಶ್ರೆಂಪ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ತಮ್ಮ ಯೋಜನೆ ಮೊದಲಿನಿಂದಲೂ ಅದಲ್ಲ, ಕ್ರೈಸ್ಲರ್ ಒಂದು ವಿಭಾಗವಾಗಿ ಇರಬೇಕು ಅಂತಲೇ ಇತ್ತು ಎಂಬ ಅರ್ಥ ಬರುವಂತೆ ಮಾತಾಡಿದರು. ಷೇರುದಾರರು ಕೋರ್ಟಿಗೆ ಹೋದರು. 2007ರಲ್ಲಿ ಕ್ರೈಸ್ಲರ್‌ನ ಶೇ. 80.1 ಪಾಲು ಸೆರ್ಬರಸ್ ಎಂಬ ಹೂಡಿಕೆ ಸಂಸ್ಥೆಗೆ ಮಾರಾಟವಾಯಿತು. ಈ ಕಥೆಯನ್ನು ಜರ್ಮನ್ ಶಿಸ್ತು, ಅಮೆರಿಕನ್ ಸಡಿಲತನ ಅಂತ ಹೇಳಿ ಮುಗಿಸುವವರೇ ಜಾಸ್ತಿ. ನನ್ನ ಮಟ್ಟಿಗೆ ಅಲ್ಲಿನ ಮೂಲ ತೊಂದರೆ, ಯಾರ ಮಾತು ನಡೆಯುತ್ತದೆ ಎನ್ನುವುದನ್ನು ಮೊದಲೇ ಬಿಡಿಸಿ ಹೇಳದೇ ಇದ್ದದ್ದು.

ಅಮೆರಿಕದ ಅಂಗಡಿ ಸರಪಳಿ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಹೋಗಿ 2006ರಲ್ಲಿ ಅಂಗಡಿಗಳನ್ನು ಮಾರಿ ಹೊರಬಂತು. ಗ್ರಾಹಕರನ್ನು ನೋಡಿ ಸಿಬ್ಬಂದಿ ನಗಬೇಕು ಎನ್ನುವ ನಿಯಮ ಅಲ್ಲಿ ನಡೆಯಲಿಲ್ಲ, ಅದಕ್ಕೇ ಸೋತರು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಲ್ಲಿನದೇ ಅಂಗಡಿ ಸರಪಳಿಗಳಾದ ಆಲ್ಡಿ, ಲಿಡ್ಲ್ ಆಗಲೇ ಅತಿ ಕಡಿಮೆ ಬೆಲೆಗೆ ಮಾರುತ್ತಿದ್ದವು. 2000ದಲ್ಲಿ ಅಲ್ಲಿನ ಸ್ಪರ್ಧಾ ನಿಯಂತ್ರಣ ಸಂಸ್ಥೆ, ಹಾಲು ಬೆಣ್ಣೆಯಂಥ ಸಾಮಾನನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಡಿ ಎಂದು ವಾಲ್‌ಮಾರ್ಟ್ ಸೇರಿ ಮೂರು ಕಂಪನಿಗಳಿಗೂ ಆದೇಶ ಕೊಟ್ಟಿತು. ಮಾಮೂಲಿ ವ್ಯಾಪಾರದ ಕಾರಣವನ್ನು ಸಂಸ್ಕೃತಿಯ ತಲೆಗೆ ಕಟ್ಟಬಾರದು. ಆ ಮಟ್ಟಿಗೆ ನೇರಮಾತು ಅವರ ಮಾತಿನಲ್ಲೂ ನಿಜ ಇದೆ.

ನೇರಮಾತು:

ಅಷ್ಟು ಒಪ್ಪಿದ್ದಕ್ಕೆ ಥ್ಯಾಂಕ್ಸ್. ಪ್ರಸ್ತಾವದ ಕಾಗದ ಒಳಗೆ ಸುತ್ತುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಆದರೂ ಒಂದು ಪ್ರಶ್ನೆ. ನಿಜವಾಗಿಯೂ ಬೆಲೆ ಜಾಸ್ತಿ ಅನಿಸಿದ್ದರೆ ಅವರು ಹೇಗೆ ಹೇಳುತ್ತಾರೆ?

ಖರೀದಿ_ವಿಭಾಗ:

ಒಳ್ಳೆಯ ಪ್ರಶ್ನೆ. ಹೇಳುತ್ತಾರೆ, ಆದರೆ ಮೀಟಿಂಗ್‌ನಲ್ಲಿ ಅಲ್ಲ. ಬೆಲೆಯನ್ನು ಬಿಡಿಸಿ ಕೊಡಿ ಅಂತ ಕೇಳುತ್ತಾರೆ, ಕಚ್ಚಾ ಮಾಲು ಎಷ್ಟು, ಮಷೀನಿಂಗ್ ಎಷ್ಟು, ಪ್ಯಾಕಿಂಗ್ ಎಷ್ಟು ಅಂತ. ಇಲ್ಲವೇ ಮಧ್ಯದಲ್ಲಿರುವ ಏಜೆಂಟ್ ಅಥವಾ ಟ್ರೇಡಿಂಗ್ ಕಂಪನಿಯವರ ಬಾಯಲ್ಲಿ ಹೇಳಿಸುತ್ತಾರೆ, ಕೆಲಸ ಮುಗಿದ ಮೇಲೆ ಫೋನಿನಲ್ಲಿ. ಹಾಗೆ ಬಂದರೆ ಆಗ ಬೆಲೆ ಮಾತಾಡಿ. ಆಗಲೂ ಸುಮ್ನೆ ಇಳಿಸಬೇಡಿ, ಕಾರಣ ಕೊಟ್ಟು ಇಳಿಸಿ. ಲಾಟ್ ದೊಡ್ಡದಾದರೆ ಇಷ್ಟು, ಪ್ಯಾಕಿಂಗ್ ಬದಲಿಸಿದರೆ ಇಷ್ಟು ಅಂತ. ಕಾರಣ ಇದ್ದರೆ ಅವರು ಅದನ್ನು ಒಳಗಿನ ಕಾಗದದಲ್ಲಿ ಬರೆಯಬಹುದು.

ಕರಾರು_ಕಾಗದ:

ಆರ್ಡರ್ ಹತ್ತಿರ ಬಂದ ಮೇಲೆ ಕರಾರಿನ ಮಾತು ಬರುತ್ತದೆ, ಅದಕ್ಕೆ ಈಗಲೇ ಎರಡು ಮಾತು.

ಜಪಾನಿನ ಕಂಪನಿಗಳ ಕರಾರಿನ ಕೊನೆಯಲ್ಲಿ, ಬರೆಯದ ವಿಷಯ ಬಂದರೆ ಅಥವಾ ಭಿನ್ನಾಭಿಪ್ರಾಯ ಆದರೆ ಎರಡೂ ಕಡೆಯವರು ಸದ್ಭಾವದಿಂದ ಕೂತು ಮಾತಾಡಿ ಬಗೆಹರಿಸಿಕೊಳ್ಳಬೇಕು ಎನ್ನುವ ಕಲಮು ಸಾಮಾನ್ಯವಾಗಿ ಇರುತ್ತದೆ. ಇದರಲ್ಲಿ ಏನೂ ಹುರುಳಿಲ್ಲ ಅಂತ ಕೆಲವು ವಕೀಲರು ಹೊಡೆದು ಹಾಕುತ್ತಾರೆ. ಹೊಡೆಯಬೇಡಿ, ಅವರಿಗೆ ಅದು ಸಂಬಂಧದ ಲಕ್ಷಣ. ಆದರೆ ಅದರ ಮೇಲೆ ಮಾತ್ರ ನಿಲ್ಲಲೂಬೇಡಿ. ಕೆಳಗೆ ಆರ್ಬಿಟ್ರೇಶನ್ (ಕೋರ್ಟಿನ ಬದಲು ಮಧ್ಯಸ್ಥರು ಕೊಡುವ ತೀರ್ಪು) ಎಲ್ಲಿ, ಯಾವ ಸಂಸ್ಥೆಯ ನಿಯಮದಲ್ಲಿ, ಯಾವ ಭಾಷೆಯಲ್ಲಿ ಅಂತ ಬರೆಯಿರಿ. ಒಂದು ದೇಶದ ಕೋರ್ಟಿನ ತೀರ್ಪನ್ನು ಇನ್ನೊಂದು ದೇಶದಲ್ಲಿ ಜಾರಿ ಮಾಡಿಸುವುದು ಕಷ್ಟ. ಆರ್ಬಿಟ್ರೇಶನ್ ತೀರ್ಪಿಗೆ 1958ರ ನ್ಯೂಯಾರ್ಕ್ ಒಡಂಬಡಿಕೆಯ ಬಲ ಇದೆ, ಜಪಾನ್, ಜರ್ಮನಿ, ಭಾರತ ಎಲ್ಲವೂ ಅದರಲ್ಲಿ ಸೇರಿವೆ.

ಇನ್ನೊಂದು ಸಿಐಎಸ್‌ಜಿ, ಅಂದರೆ ದೇಶಗಳ ನಡುವಿನ ಸರಕು ಮಾರಾಟಕ್ಕೆ 1980ರಲ್ಲಿ ವಿಯೆನ್ನಾದಲ್ಲಿ ಮಾಡಿದ ಒಡಂಬಡಿಕೆ. ಜರ್ಮನಿಯಲ್ಲಿ 1991ರಿಂದ, ಜಪಾನಿನಲ್ಲಿ 2009ರಿಂದ ಜಾರಿಯಲ್ಲಿದೆ. ಭಾರತ ಸೇರಿಲ್ಲ. ನೀವು ಸುಮ್ನೆ "ಜರ್ಮನ್ ಕಾನೂನು ಅನ್ವಯ" ಅಂತ ಬರೆದರೆ ಅದರ ಜೊತೆ ಸಿಐಎಸ್‌ಜಿಯೂ ಒಳಗೆ ಬರುತ್ತದೆ. ಬೇಡ ಎಂದಾದರೆ ಬೇಡ ಅಂತಲೇ ಬರೆಯಬೇಕು. ಬೇಕಾ ಬೇಡವಾ ಎನ್ನುವುದನ್ನು ವಕೀಲರ ಹತ್ತಿರ ಕೇಳಿ ತೀರ್ಮಾನಿಸಿ, ಗೊತ್ತಿಲ್ಲದೆ ಬಿಡಬೇಡಿ.

ಉಡುಗೊರೆ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಆ ದೇಶದಲ್ಲಿ ಅದು ಸಂಪ್ರದಾಯ ಎನ್ನುವ ಮಾತು ಎಲ್ಲೋ ಒಂದು ಕಡೆ ಬಂದೇ ಬರುತ್ತದೆ. ಬ್ರಿಟನ್ನಿನ 2010ರ ಲಂಚ ತಡೆ ಕಾಯ್ದೆ ಇದನ್ನು ನೇರವಾಗಿಯೇ ತಳ್ಳಿಹಾಕುತ್ತದೆ. ಆ ಸಂಪ್ರದಾಯ ಇರುವ ದೇಶದ ಲಿಖಿತ ಕಾನೂನಿನಲ್ಲಿ ಅನುಮತಿ ಇಲ್ಲದಿದ್ದರೆ ಸ್ಥಳೀಯ ರೂಢಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸಣ್ಣ ನೆನಪಿನ ಕಾಣಿಕೆ ಬೇರೆ, ಸಹಿ ಹಾಕುವವನ ಕೈಗೆ ಕೊಡುವುದು ಬೇರೆ.

ಎಕ್ಸ್‌ಪೋರ್ಟ್_ಡೆಸ್ಕ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಖರೀದಿ_ವಿಭಾಗ ಅವರ ಉತ್ತರವನ್ನು ಎಂಡಿಯವರಿಗೆ ಓದಿ ಹೇಳಿದೆ. ಸುತ್ತುತ್ತಿರುವ ಕಾಗದವನ್ನು ವಾಪಸ್ ತರಿಸಬೇಕಾಗುತ್ತದೆ ಎನ್ನುವುದು ಅವರಿಗೆ ಹಿಡಿಸಿತು, ಡಿಸ್ಕೌಂಟ್ ಮಾತು ಸದ್ಯಕ್ಕೆ ಬಿಟ್ಟಿದ್ದಾರೆ. ಡಿಸೈನರ್ ಜೊತೆಯೂ ಕೂತು ಮಾತಾಡಿದೆ. ಗ್ರೂವ್‌ನ ಲೆಕ್ಕ ಅವರ ಹತ್ತಿರ ಇದೆ. ಮುಂದಿನ ರಿವ್ಯೂಗೆ ಅವರೇ ಅದನ್ನು ತೋರಿಸುತ್ತಾರೆ. ಜರ್ಮನ್ ಲೀಡ್‌ಗೆ ಆ ಶೀಟ್‌ನ ವಿಷಯ ಹೇಳಿದೆ, ಅವತ್ತು ಸಂಜೆಯೊಳಗೇ ಅವರೇ ಒಂದು ನಮೂನೆ ಮಾಡಿ ಕಳಿಸಿದರು.

ಜಪಾನಿಗೆ ಹೋಗುವ ಮೇಲ್ ಹೀಗೆ ಬರೆದಿದ್ದೇನೆ, ನೋಡಿ ಹೇಳಿ: "ಹಾರ್ಡ್‌ನೆಸ್ ಬಗ್ಗೆ ನಿಮ್ಮ ಮೂರೂ ವಿಭಾಗಗಳ ಪ್ರಶ್ನೆಗೆ ಒಂದೇ ಫೈಲ್ ಲಗತ್ತಿಸಿದ್ದೇವೆ. ಅಳೆಯುವ ಜಾಗವನ್ನು ಡ್ರಾಯಿಂಗ್‌ನಲ್ಲಿ ಗುರುತಿಸಿದ್ದೇವೆ. ಕೊಟ್ಟಿರುವ ಬೆಲೆಯಲ್ಲಿ ಬದಲಾವಣೆ ಇಲ್ಲ. ನಿಮ್ಮ ನಿರ್ಧಾರವನ್ನು ಶುಕ್ರವಾರದೊಳಗೆ ತಿಳಿಸಿದರೆ ನಮಗೆ ಅನುಕೂಲ."

ಖರೀದಿ_ವಿಭಾಗ:

ಮೊದಲೆರಡು ಸಾಲು ಚೆನ್ನಾಗಿವೆ. ಬೆಲೆಯ ಸಾಲು ತೆಗೆಯಿರಿ, ಅವರು ಕೇಳಿಲ್ಲ. ಶುಕ್ರವಾರದ ಸಾಲನ್ನೂ ತೆಗೆದು ಇದನ್ನು ಹಾಕಿ: "ನಿಮ್ಮ ಒಳಗಿನ ಪರಿಶೀಲನೆಗೆ ನಮ್ಮಿಂದ ಇನ್ನು ಯಾವ ದಾಖಲೆ ಬೇಕು, ಮತ್ತು ಮುಂದಿನ ಹಂತ ಸಾಮಾನ್ಯವಾಗಿ ಎಷ್ಟು ದಿನ ಹಿಡಿಯುತ್ತದೆ ಎಂದು ತಿಳಿಸಿದರೆ ಉತ್ಪಾದನೆಯ ಯೋಜನೆ ಮಾಡಿಕೊಳ್ಳುತ್ತೇವೆ." ಇದಕ್ಕೆ ಉತ್ತರ ಕೊಡುವ ಅಧಿಕಾರ ಅವರಿಗೆ ಇದೆ, ಕೊಡುತ್ತಾರೆ.